ಆಪರೇಷನ್ ಆಯಿತು, ಕಿಡ್ನಿ ಹೇಗಿದೆ?

ಹೃದಯದ ಮೇಲೆ ಪದ್ಯ ಬರೆಯದ ಕವಿ ಕನ್ನಡದಲ್ಲಿ ಸಿಗುವುದು ಕಷ್ಟ. ಕರುಳಿನ ಮಾತಂತೂ ಬಿಡಿ, ಮಗು ಎಂದರೆ ಕರುಳಿನ ಕುಡಿ. ಕೋಪ ಬಂದರೆ ಪಿತ್ತ ನೆತ್ತಿಗೇರುತ್ತದೆ, ಧೈರ್ಯವಂತನದು ಗಟ್ಟಿ ಗುಂಡಿಗೆ. ಆದರೆ ಬೆನ್ನಿನ ಎರಡೂ ಪಕ್ಕದಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಮುಷ್ಟಿಗಾತ್ರದ ಎರಡು ಅಂಗಗಳು ಹಗಲಿರುಳು ದುಡಿಯುತ್ತಿರುವುದನ್ನು ಯಾರೂ ಹಾಡಿ ಹೊಗಳಿದ್ದನ್ನು ನಾವು ಕಾಣೆವು. ಪಾಪ, ಅವಕ್ಕೊಂದು ಖಾಯಂ ಹೆಸರೂ ಇಲ್ಲ. ನಾವು ಹೈಸ್ಕೂಲಿನಲ್ಲಿ ಓದುವಾಗ ಮೂತ್ರಜನಕಾಂಗ ಎಂದು ಉರು ಹೊಡೆದೆವು. ಆಮೇಲೆ ಪತ್ರಿಕೆಗಳಲ್ಲಿ ಮೂತ್ರಪಿಂಡವಾಯಿತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಕಿಡ್ನಿ. ಈ ಲೇಖನದಲ್ಲಿಯೂ ಕಿಡ್ನಿ ಎಂದೇ ಬರೆಯುತ್ತೇವೆ, ಸಂಪಾದಕರು ದೊಡ್ಡ ಮನಸ್ಸು ಮಾಡಬೇಕು.

ನಮ್ಮ ಕೂಟದಲ್ಲಿ ಈಗ ಬೇರೆಯೇ ಒಂದು ಕಾಲ ಬಂದಿದೆ. ಇಪ್ಪತ್ತೈದು ವರ್ಷದ ಹಿಂದೆ ಪಿಕ್ನಿಕ್ಕಿಗೆ ಹೋದರೆ ವೀಸಾ, ಗ್ರೀನ್ ಕಾರ್ಡ್, ಮಕ್ಕಳ ಸ್ಕೂಲು, ಇವೇ ಮಾತು. ಈಗ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಕಿವಿಗೆ ಬೀಳುವುದು ಮಂಡಿ ಬದಲಿ, ಬೈಪಾಸ್, ಪ್ರಾಸ್ಟೇಟ್. ಊರಿನಲ್ಲಿ ಅಪ್ಪ ಅಮ್ಮನಿಗೆ, ಇಲ್ಲಿ ನಮಗೇ. ಕೂಟದಲ್ಲಿ ಡಾಕ್ಟರೆಂದು ಗುರುತು ಸಿಕ್ಕ ಮೇಲೆ ತಟ್ಟೆ ಹಿಡಿದುಕೊಂಡೇ ಉತ್ತರ ಕೊಡಬೇಕಾಗುತ್ತದೆ. "ಎಂಬತ್ತು ವರ್ಷ, ಹಾರ್ಟ್ ತಡೆಯುತ್ತಾ ಡಾಕ್ಟ್ರೇ?" ಎಂದು ಕೇಳುತ್ತಾರೆ. ಅನಸ್ತೇಷಿಯಾದಿಂದ ಎಚ್ಚರವಾಗುತ್ತದೆಯೋ ಇಲ್ಲವೋ ಎಂದು ಹೆದರುತ್ತಾರೆ. ಆದರೆ ಕಿಡ್ನಿ ತಡೆಯುತ್ತದೆಯೇ ಎಂದು ಕೇಳಿದವರು ಬೆರಳೆಣಿಕೆಯಷ್ಟು ಜನ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಲೆಕ್ಕ. ಒಂದು ಕಿಡ್ನಿಯ ತೂಕ ಸುಮಾರು 150 ಗ್ರಾಂ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು, ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್, ಈ ಎರಡು ಪುಟ್ಟ ಅಂಗಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಈ ಮರಳಿ ಹೀರುವ ಕೆಲಸಕ್ಕೆ ಆಮ್ಲಜನಕ ಬಹಳ ಬೇಕು. ವಿಚಿತ್ರವೆಂದರೆ ಕಿಡ್ನಿಯ ಒಳಪದರದಲ್ಲಿ ಆಮ್ಲಜನಕ ಎಂದೂ ಹೆಚ್ಚುವರಿಯಾಗಿ ಇರುವುದಿಲ್ಲ, ಆ ದಿನದ ಸಂಪಾದನೆ ಆ ದಿನದ ಖರ್ಚಿಗೆ. ರಕ್ತದ ಓಟ ಸ್ವಲ್ಪ ಹೊತ್ತು ಇಳಿದರೆ ಮೊದಲು ಏಟು ಬೀಳುವುದು ಅಲ್ಲಿಗೇ.

ಹಾಗಾದರೆ ಬಿ.ಪಿ. ಇಳಿದಾಗಲೆಲ್ಲ ಕಿಡ್ನಿ ಕೆಡಬೇಕಲ್ಲ ಎಂದು ನೀವು ಕೇಳಬಹುದು. ಇಲ್ಲ, ಅದಕ್ಕೊಂದು ಸೊಗಸಾದ ಏರ್ಪಾಡಿದೆ. ಮಂಡ್ಯದ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಕನ್ನಂಬಾಡಿ ಕಟ್ಟೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು ಹಾಕಿದ್ದನ್ನು ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ನೀರಿನ ಮಟ್ಟ ನೋಡಿಕೊಂಡು ತಾವೇ ತೆರೆದು ತಾವೇ ಮುಚ್ಚುವ ಗೇಟುಗಳವು. ಕಿಡ್ನಿಯ ಪ್ರತಿಯೊಂದು ಜಾಲರಿಗೂ ಅಂಥದೇ ಎರಡು ತೂಬುಗಳಿವೆ, ರಕ್ತ ಒಳಗೆ ಬರುವ ಕಡೆ ಒಂದು, ಹೊರಗೆ ಹೋಗುವ ಕಡೆ ಇನ್ನೊಂದು. ಒಂದೊಂದು ಕಿಡ್ನಿಯಲ್ಲಿ ಇಂಥ ಜಾಲರಿಗಳು ಹತ್ತು ಲಕ್ಷದ ಆಸುಪಾಸು. ರಕ್ತದ ಒತ್ತಡ ಇಳಿದಾಗ ಒಳಗಿನ ತೂಬು ಅಗಲವಾಗುತ್ತದೆ, ಹೊರಗಿನ ತೂಬು ಕಿರಿದಾಗುತ್ತದೆ. ಹಾಗಾಗಿ ಜಾಲರಿಯ ಮೇಲೆ ಒತ್ತಡ ಉಳಿದುಕೊಂಡು ಸೋಸುವ ಕೆಲಸ ನಡೆಯುತ್ತದೆ.

ಈಗ ನಮ್ಮ ಮನೆಗಳ ಔಷಧಿ ಡಬ್ಬಿ ತೆಗೆದು ನೋಡೋಣ. ಮಂಡಿನೋವಿಗೆಂದು ಬ್ರೂಫೆನ್, ಅಡ್ವಿಲ್, ಅಲೀವ್, ಊರಿನಿಂದ ತಂದ ಡೈಕ್ಲೋಫೆನಾಕ್, ನಿಮೆಸುಲೈಡ್. (ನಿಮೆಸುಲೈಡ್ ಮಾತ್ರೆಗೆ ಅಮೆರಿಕದಲ್ಲಿ ಎಂದೂ ಒಪ್ಪಿಗೆ ಸಿಕ್ಕಿಲ್ಲ, ಆದರೂ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಕೂತು ಬರುತ್ತದೆ!) ಈ ಜಾತಿಯ ಮಾತ್ರೆಗಳೆಲ್ಲ ಒಳಗಿನ ತೂಬು ಅಗಲವಾಗದಂತೆ ತಡೆಯುತ್ತವೆ. ಬಿ.ಪಿ.ಗೆಂದು ಕೊಡುವ, ಹೆಸರಿನ ಕೊನೆಯಲ್ಲಿ 'ಪ್ರಿಲ್' ಅಥವಾ 'ಸಾರ್ಟನ್' ಬರುವ ಮಾತ್ರೆಗಳು ಹೊರಗಿನ ತೂಬು ಕಿರಿದಾಗದಂತೆ ತಡೆಯುತ್ತವೆ. ಜೊತೆಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ಕಟ್ಟೆಯ ನೀರಿನ ಮಟ್ಟವನ್ನೇ ಇಳಿಸುತ್ತದೆ. ಒಂದೊಂದೂ ತನ್ನ ತನ್ನ ಜಾಗದಲ್ಲಿ ಉಪಯುಕ್ತ ಔಷಧಿಯೇ. 'ಪ್ರಿಲ್'ಗಳೂ 'ಸಾರ್ಟನ್'ಗಳೂ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ವರ್ಷಗಟ್ಟಲೆ ಕಾಪಾಡುತ್ತವೆ. ಆದರೆ ಮೂರೂ ಒಬ್ಬರ ಹೊಟ್ಟೆಯಲ್ಲಿರುವ ದಿನ ವಾಂತಿಭೇದಿ ಹತ್ತಿದರೆ, ಅಥವಾ ಆಪರೇಷನ್ ಟೇಬಲ್ಲಿನ ಮೇಲೆ ರಕ್ತ ಹೋದರೆ, ತೂಬುಗಳ ಬುದ್ಧಿವಂತಿಕೆ ನಡೆಯುವುದಿಲ್ಲ.

ಆಪರೇಷನ್ನಿನಲ್ಲಿ ಇದೆಲ್ಲ ಒಟ್ಟಿಗೆ ಕೂಡಿಬರುತ್ತದೆ. ಹಿಂದಿನ ರಾತ್ರಿಯಿಂದ ಉಪವಾಸ, ಅನಸ್ತೇಷಿಯಾದಿಂದ ಇಳಿಯುವ ಬಿ.ಪಿ., ರಕ್ತಸ್ರಾವ, ಗಾಯದಿಂದ ಮೈಯೆಲ್ಲ ಏಳುವ ಉರಿಯೂತ, ಸೋಂಕೇನಾದರೂ ಆದರೆ ಅದರ ವಿಷ, ಕೆಲವು ಆ್ಯಂಟಿಬಯೋಟಿಕ್‌ಗಳು. ಹೃದಯದ ಆಪರೇಷನ್ ಆದರೆ ಹಾರ್ಟ್-ಲಂಗ್ ಯಂತ್ರ ಬೇರೆ. ಹೃದಯದ ಆಪರೇಷನ್ ಆದವರಲ್ಲಿ ನಾಲ್ಕು ಮಂದಿಯಲ್ಲಿ ಒಬ್ಬರಿಗಾದರೂ ಸ್ವಲ್ಪವೋ ಹೆಚ್ಚೋ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಹೆಚ್ಚಿನವರಿಗೆ ಸಣ್ಣ ಪೆಟ್ಟು, ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಡಯಾಲಿಸಿಸ್ ಬೇಕಾಗುವವರು ನೂರಕ್ಕೆ ಒಬ್ಬಿಬ್ಬರು. ಆದರೆ ಆ ಒಬ್ಬಿಬ್ಬರು ಯಾರ ಮನೆಯವರು?

ಈ ಕಾಯಿಲೆಯ ಚರಿತ್ರೆ ಯುದ್ಧದ ಚರಿತ್ರೆಯೂ ಹೌದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬು ಬಿದ್ದು, ಕಟ್ಟಡದ ಅವಶೇಷಗಳಡಿ ಕೈಕಾಲು ಸಿಕ್ಕಿಕೊಂಡವರನ್ನು ಹೊರಗೆ ತೆಗೆದಾಗ ಅವರು ಮಾತಾಡುತ್ತಲೇ ಇರುತ್ತಿದ್ದರು. ಕೆಲವು ದಿನಗಳಲ್ಲಿ ಮೂತ್ರ ನಿಂತು ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಎಂಬ ಇಬ್ಬರು 1941ರಲ್ಲಿ ಇದನ್ನು ವಿವರವಾಗಿ ಬರೆದರು. ಜರ್ಮನರು ಆಕ್ರಮಿಸಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯ, ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ಪೀಪಾಯಿಗೆ ಸುತ್ತಿ, 1943ರಲ್ಲಿ ಮೊದಲ ಕೃತಕ ಕಿಡ್ನಿಯನ್ನು ಬಳಕೆಗೆ ತಂದ. ಮೊದಮೊದಲ ರೋಗಿಗಳು ಉಳಿಯಲಿಲ್ಲ. 1945ರಲ್ಲಿ ಹದಿನೇಳನೆಯ ರೋಗಿ, 67 ವರ್ಷದ ಮಹಿಳೆ, ಬದುಕಿದಳು. ಆ ಹದಿನಾರು ಸೋಲಿಗೆ ಕೋಲ್ಫ್ ಕೈಚೆಲ್ಲಿದ್ದರೆ ನಮ್ಮ ಎಷ್ಟು ಮನೆಗಳಲ್ಲಿ ದೀಪ ಆರುತ್ತಿತ್ತೋ!

ನಾವು 1993ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1996ರಲ್ಲಿ ಈ ದೇಶದಲ್ಲಿ ರೆಸಿಡೆನ್ಸಿಗೆ ಸೇರಿದಾಗ ಐ.ಸಿ.ಯು.ನಲ್ಲಿ 'ರೀನಲ್ ಡೋಸ್ ಡೋಪಮಿನ್' ಎಂಬುದು ದೇವರ ತೀರ್ಥವಿದ್ದಂತೆ. ಮೂತ್ರ ಕಡಿಮೆಯಾಯಿತೋ, ಹನಿಹನಿಯಾಗಿ ಡೋಪಮಿನ್ ಹಚ್ಚು! ಮೂತ್ರ ಸ್ವಲ್ಪ ಹೆಚ್ಚುತ್ತಿತ್ತು, ಎಲ್ಲರಿಗೂ ಸಮಾಧಾನ. 2000ದಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವೈದ್ಯರು ಸರಿಯಾಗಿ ಪರೀಕ್ಷೆ ನಡೆಸಿ ಇದರಿಂದ ಕಿಡ್ನಿಗೆ ಯಾವ ರಕ್ಷಣೆಯೂ ಇಲ್ಲ ಎಂದು ತೋರಿಸಿದರು. ಆಮೇಲೆ ಇನ್ನೂ ಹಲವು ಔಷಧಿಗಳು ಹೀಗೆಯೇ ಬಂದು ಹೀಗೆಯೇ ಹೋದವು. ಈಚೆಗೆ ಒಂದು ಆಶೆಯ ಸುದ್ದಿ ಇದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯದ ಆಪರೇಷನ್ ಆದ 3,511 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಅಮೈನೋ ಆಮ್ಲದ ಡ್ರಿಪ್ ಕೊಟ್ಟರು. ಕೊಟ್ಟವರಲ್ಲಿ ನೂರಕ್ಕೆ 26.9, ಕೊಡದವರಲ್ಲಿ 31.7 ಮಂದಿಗೆ ಕಿಡ್ನಿಗೆ ಪೆಟ್ಟಾಯಿತು. ಒಳ್ಳೆಯದೇ. ಆದರೂ ಕೆಟ್ಟ ಕಿಡ್ನಿಯನ್ನು ಮರುದಿನ ಸರಿಮಾಡುವ ಮಂತ್ರ ಇನ್ನೂ ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ಪೆಟ್ಟು ಬೀಳದಂತೆ ನೋಡಿಕೊಳ್ಳುವುದು, ಬಿದ್ದರೆ ಬೇಗ ಗುರುತಿಸುವುದು, ಇವೆರಡೇ ದಾರಿ.

ಬೇಗ ಗುರುತಿಸುವುದು ಹೇಗೆ? ಎಲ್ಲರೂ ನೋಡುವುದು ರಕ್ತದ ಕ್ರಿಯಾಟಿನೈನ್. ಆದರೆ ಅದು ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಾವಲುಗಾರ. ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ರಕ್ತದಲ್ಲಿ ಅದು ನಿಧಾನವಾಗಿ ಕೂಡಿಕೊಂಡು, ಸ್ಪಷ್ಟವಾಗಿ ಏರಿದಂತೆ ಕಾಣಲು ಒಂದೆರಡು ದಿನ ಬೇಕು. 2012ರಿಂದ ಬಹುಮಟ್ಟಿಗೆ ಎಲ್ಲ ದೇಶದ ವೈದ್ಯರೂ ಒಪ್ಪಿರುವ ಅಳತೆ ಹೀಗಿದೆ: 48 ಗಂಟೆಯಲ್ಲಿ ಕ್ರಿಯಾಟಿನೈನ್ 0.3 ಏರಿದರೆ, ಅಥವಾ ಒಂದು ವಾರದಲ್ಲಿ ಮೊದಲಿದ್ದದ್ದರ ಒಂದೂವರೆ ಪಟ್ಟಾದರೆ, ಅಥವಾ ಆರು ಗಂಟೆಗಳ ಕಾಲ ಮೂತ್ರ ಗಂಟೆಗೆ, ಮೈತೂಕದ ಒಂದು ಕಿಲೋಗೆ ಅರ್ಧ ಎಂ.ಎಲ್.ಗಿಂತ ಕಡಿಮೆಯಾದರೆ, ಕಿಡ್ನಿಗೆ ಪೆಟ್ಟಾಗಿದೆ ಎಂದು ತಿಳಿಯಬೇಕು. ಅರವತ್ತು ಕಿಲೋ ಇರುವವರಿಗೆ ಗಂಟೆಗೆ 30 ಎಂ.ಎಲ್., ಅಂದರೆ ಎರಡು ದೊಡ್ಡ ಚಮಚ. ಈ ಮೂರರಲ್ಲಿ ಮೂತ್ರದ ಲೆಕ್ಕ ಇಡಲು ಲ್ಯಾಬೂ ಬೇಡ, ಎಂ.ಬಿ.ಬಿ.ಎಸ್.ಸೂ ಬೇಡ.

ಇದನ್ನು ನಮಗೆ ಚೆನ್ನಾಗಿ ಮನದಟ್ಟು ಮಾಡಿಕೊಟ್ಟವಳು ನಮ್ಮ ತಮ್ಮನ ಹೆಂಡತಿ. 2011ರ ಏಪ್ರಿಲ್ ತಿಂಗಳು. ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದ ನಮ್ಮ ತಂದೆಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಪ್ಪತ್ತಾರು ವರ್ಷ, ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದವು. ಮಂಡಿನೋವಿಗೆ ಮೂಲೆಯ ಮೆಡಿಕಲ್ ಸ್ಟೋರಿನಿಂದ ತಾವೇ ಮಾತ್ರೆ ತಂದು ನುಂಗುತ್ತಿದ್ದರು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, "ನೋವಿನ ಗುಳಿಗೆ" ಅಷ್ಟೇ. ಆಪರೇಷನ್ ಬೆಳಗ್ಗೆ ಎಂಟಕ್ಕೆ ಎಂದು ಹಿಂದಿನ ರಾತ್ರಿ ಒಂಬತ್ತರಿಂದ ಹನಿ ನೀರೂ ಕೊಟ್ಟಿರಲಿಲ್ಲ. ಅಪಘಾತದ ಕೇಸುಗಳು ಬಂದು ಒಳಗೆ ಕರೆದುಕೊಂಡದ್ದು ಮಧ್ಯಾಹ್ನ ಒಂದು ಗಂಟೆಗೆ. ಆ ಬಿಸಿಲಿನಲ್ಲಿ ಹದಿನಾರು ಗಂಟೆ ಒಣಗಂಟಲು! ಆಸ್ಪತ್ರೆಯವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆಪರೇಷನ್ ಅವರು ಚೆನ್ನಾಗಿಯೇ ಮಾಡಿದ್ದರು, ಮೂಳೆ ಕೊನೆಯವರೆಗೂ ತೊಂದರೆ ಕೊಡಲಿಲ್ಲ.

ತಮ್ಮನ ಹೆಂಡತಿ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂರುವವಳು. ಆ ರಾತ್ರಿ ಆಸ್ಪತ್ರೆಯಲ್ಲಿ ಉಳಿದುಕೊಂಡವಳು ಸುಮ್ಮನೆ ಕೂರಲಾರದೆ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ಎಡಗಡೆ ಜಮಾ, ಬಲಗಡೆ ಖರ್ಚು ಎಂದು ಬರೆದಿದ್ದಳು. ಬಾಟಲಿಯಿಂದ ಮೈಗೆ ಹೋದದ್ದು ಜಮಾ, ಚೀಲಕ್ಕೆ ಬಂದ ಮೂತ್ರ ಖರ್ಚು. ಇಲ್ಲಿ ರಾತ್ರಿ ಹತ್ತು, ಅಲ್ಲಿ ಬೆಳಗ್ಗೆ ಏಳೂವರೆಗೆ ಅವಳ ಫೋನ್ ಬಂತು.

"ಭಾವ, ನಿನ್ನೆ ಸಾಯಂಕಾಲ ನಾಲ್ಕು ಗಂಟೆಯಿಂದ ಮಾವನವರಿಗೆ ಬಂದಿರೋದು ನೂರೈವತ್ತು ಎಂ.ಎಲ್. ಅಷ್ಟೇ. ಜಮಾ ಎರಡು ಲೀಟರ್ ದಾಟಿದೆ. ಟ್ಯಾಲಿ ಆಗ್ತಿಲ್ಲ. ಇದು ಸರೀನಾ?"

ಸರಿಯಿರಲಿಲ್ಲ. ಹದಿನೈದೂವರೆ ಗಂಟೆಗೆ ಕಡಿಮೆಯೆಂದರೂ 450 ಎಂ.ಎಲ್. ಮೇಲೆ ಬರಬೇಕಿತ್ತು. ಬೆಳಗಿನ ಕ್ರಿಯಾಟಿನೈನ್ 1.5, ಆಪರೇಷನ್ನಿಗೆ ಮೊದಲು 1.3. ಆ ಅಂಕಿ ನೋಡಿದರೆ ಯಾರಿಗೂ ಗಾಬರಿಯಾಗುವಂತಿರಲಿಲ್ಲ. ನೋಟ್‌ಬುಕ್ಕಿನ ಅಂಕಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಕ್ಯಾಥೆಟರ್ ಕಟ್ಟಿಕೊಂಡಿಲ್ಲವೇ ನೋಡಿಸು, ಈಗ ಕೊಡುತ್ತಿರುವ ನೋವಿನ ಇಂಜೆಕ್ಷನ್ ಹೆಸರೇನು ಕೇಳು, ಕಿಡ್ನಿ ಡಾಕ್ಟರನ್ನು ಇವತ್ತೇ ಕರೆಸಲು ಸರ್ಜನರಿಗೆ ಹೇಳು ಎಂದೆವು. ಇಂಜೆಕ್ಷನ್ ಡೈಕ್ಲೋಫೆನಾಕ್. ಸರ್ಜನ್ ದೊಡ್ಡ ಮನುಷ್ಯರು, ನೋಟ್‌ಬುಕ್ ನೋಡಿ ನಗಲಿಲ್ಲ, ತಕ್ಷಣ ಅದನ್ನು ನಿಲ್ಲಿಸಿದರು. ಸಾಯಂಕಾಲದೊಳಗೆ ಕಿಡ್ನಿ ತಜ್ಞರೂ ಬಂದರು.

ನಾವು ಮೈಸೂರು ಮುಟ್ಟುವ ಹೊತ್ತಿಗೆ ಕ್ರಿಯಾಟಿನೈನ್ 3.4. ಐದನೆಯ ದಿನ 6.2, ಪೊಟ್ಯಾಸಿಯಂ ಏರಿತು. ಡಯಾಲಿಸಿಸ್ ಎಂಬ ಶಬ್ದ ಕೇಳಿ ಅಮ್ಮ ಗೋಡೆಗೊರಗಿ ಕುಳಿತುಬಿಟ್ಟರು. "ಇನ್ನು ಜೀವನಪೂರ್ತಿ ಇದೇ ಏನೋ?" ಎಂದು ಕೇಳಿದರು. ಇಲ್ಲಮ್ಮ, ಪೆಟ್ಟು ಬಿದ್ದ ಕಿಡ್ನಿ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಯಂತ್ರ ಅದರ ಕೆಲಸ ಮಾಡುತ್ತದೆ ಎಂದೆವು. ಹೇಳುವುದು ಸುಲಭ. ಐ.ಸಿ.ಯು. ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಕಾಯುವಾಗ ಡಾಕ್ಟರೂ ಒಂದೇ, ಹಳ್ಳಿಯಿಂದ ಬಂದು ಪಕ್ಕದಲ್ಲಿ ಕೂತವರೂ ಒಂದೇ. ಮೂರು ಸಲ ಡಯಾಲಿಸಿಸ್ ಆಯಿತು. ಹನ್ನೊಂದನೆಯ ದಿನ ತಮ್ಮನ ಹೆಂಡತಿ ಕಾರಿಡಾರಿನಲ್ಲಿ ಹೆಚ್ಚು ಕಡಿಮೆ ಓಡಿಬಂದು, "ಎಂಟುನೂರು ಎಂ.ಎಲ್. ಭಾವ!" ಎಂದಳು. ಮೂತ್ರ ಬಂತೆಂದು ಮನೆಮಂದಿಯೆಲ್ಲ ಕಣ್ಣೊರೆಸಿಕೊಂಡು ನಗುವ ಪ್ರಸಂಗ ಬೇರೆ ಎಲ್ಲಿಯಾದರೂ ಇದ್ದೀತೇ?

ಇಲ್ಲಿಗೆ ಕಥೆ ಮುಗಿಯಿತೆಂದು ಹೆಚ್ಚಿನವರು ತಿಳಿಯುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿ ಮೂಳೆಯ ವಿಚಾರ ಒಂದು ಪುಟ, ಕಿಡ್ನಿಯ ವಿಚಾರ ಒಂದೇ ಸಾಲು. ಆದರೆ ಒಮ್ಮೆ ಪೆಟ್ಟು ತಿಂದ ಕಿಡ್ನಿ ಮರೆಯುವುದಿಲ್ಲ. ಅಂಥವರಿಗೆ ಮುಂದೆ ನಿಧಾನವಾಗಿ ಕಿಡ್ನಿ ಸವೆಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಮತ್ತೊಮ್ಮೆ ಪೆಟ್ಟು ಬೀಳುವ ಸಾಧ್ಯತೆಯೂ ಹೆಚ್ಚು. ಮೂರು ತಿಂಗಳಿಗೆ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಬೇಕೆಂದು ಇರುವುದು ಅದಕ್ಕೇ. ತಂದೆಯವರ ಕ್ರಿಯಾಟಿನೈನ್ ಮೂರು ತಿಂಗಳಿಗೆ 1.8ಕ್ಕೆ ನಿಂತಿತು, ಹಳೆಯ 1.3ಕ್ಕೆ ಮರಳಲೇ ಇಲ್ಲ. ಅವರು ಒಂದು ರಟ್ಟಿನ ತುಂಡಿನ ಮೇಲೆ ಬೋರ್ಡಿನ ಮೇಲೆ ಬರೆಯುವಂಥ ದುಂಡಕ್ಷರದಲ್ಲಿ "ನನ್ನ ಕಿಡ್ನಿಗೆ ಒಮ್ಮೆ ಪೆಟ್ಟಾಗಿದೆ. ನೋವಿನ ಗುಳಿಗೆ ಕೊಡಬಾರದು" ಎಂದು ಬರೆದು ಅಂಗಿ ಜೇಬಿನಲ್ಲಿಟ್ಟುಕೊಂಡರು. ಹಲ್ಲಿನ ಡಾಕ್ಟರಿಗೂ ಅದನ್ನು ತೋರಿಸುತ್ತಿದ್ದರು, ಮದುವೆಮನೆಯಲ್ಲಿ ಬೆನ್ನುನೋವೆಂದು ಮಾತ್ರೆ ಕೊಡಲು ಬಂದ ನೆಂಟರಿಗೂ ತೋರಿಸುತ್ತಿದ್ದರು. ಮತ್ತೆ ಡಯಾಲಿಸಿಸ್ ಬೇಕಾಗಲಿಲ್ಲ. ಆರು ವರ್ಷ ನಮ್ಮೊಂದಿಗಿದ್ದು 2017ರಲ್ಲಿ ತೀರಿಕೊಂಡರು.

ಓದುಗರು ಇದರಿಂದ ಏನು ಮಾಡಬೇಕು? ಮೊದಲನೆಯದಾಗಿ, ಆಪರೇಷನ್ ನಿಶ್ಚಯವಾದ ದಿನವೇ ಔಷಧಿಗಳ ಪೂರ್ತಿ ಪಟ್ಟಿ ಮಾಡಿ. ಅಪ್ಪ ಅಮ್ಮನನ್ನು "ಏನು ಔಷಧಿ ತಗೊಳ್ತೀರಿ?" ಎಂದು ಕೇಳಿದರೆ ಸಾಲದು. ಡಬ್ಬಿ, ಪರ್ಸು, ದಿಂಬಿನ ಕೆಳಗೆ, ಎಲ್ಲ ಕಡೆ ನೋಡಿ. ನಾಟಿ ಔಷಧಿ, ಭಸ್ಮ, ಕಷಾಯ ಏನಿದ್ದರೂ ಬರೆಯಿರಿ. ಇಲ್ಲಿಗೆ ಬಂದ ಹಿರಿಯರು ಇನ್ಶೂರೆನ್ಸ್ ತೊಂದರೆಯಾದೀತೆಂದೋ, ಮಗನಿಗೆ ಭಾರವಾದೀತೆಂದೋ ಹಳೆಯ ಕಾಯಿಲೆಗಳನ್ನು ಮುಚ್ಚಿಡುವುದುಂಟು. ಅನಸ್ತೇಷಿಯಾ ಕೊಡುವವರ ಹತ್ತಿರ ಮುಚ್ಚಿಟ್ಟರೆ ಪ್ರಾಣಕ್ಕೇ ಕುತ್ತು.

ಎರಡನೆಯದಾಗಿ, ಯಾವುದನ್ನು ಎಂದು ನಿಲ್ಲಿಸಬೇಕೆಂದು ಸ್ಪಷ್ಟವಾಗಿ ಕೇಳಿ ಬರೆದುಕೊಳ್ಳಿ. ನೋವಿನ ಮಾತ್ರೆಗಳ ಬದಲು ಏನು ತೆಗೆದುಕೊಳ್ಳಬಹುದು? (ಮಿತಿಯಲ್ಲಿ ಪ್ಯಾರಾಸಿಟಮಾಲ್, ಅಂದರೆ ಇಲ್ಲಿಯ ಟೈಲೆನಾಲ್, ಕಿಡ್ನಿಯ ಮಟ್ಟಿಗೆ ಸೌಮ್ಯ.) 'ಪ್ರಿಲ್', 'ಸಾರ್ಟನ್' ಮಾತ್ರೆಗಳನ್ನು ಆಪರೇಷನ್ ದಿನ ನಿಲ್ಲಿಸಬೇಕೋ ಬೇಡವೋ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಆದ್ದರಿಂದ ನೆರೆಮನೆಯವರು ಹೇಳಿದರೆಂದು ನಿಲ್ಲಿಸಬೇಡಿ, ನಿಮ್ಮ ವೈದ್ಯರನ್ನೇ ಕೇಳಿ.

ಮೂರನೆಯದಾಗಿ, ನೀರು. ಸಾಮಾನ್ಯವಾಗಿ ಆರೋಗ್ಯವಂತರು ಆಪರೇಷನ್ನಿಗೆ ಎರಡು ಗಂಟೆ ಮೊದಲಿನವರೆಗೂ ಬರಿ ನೀರು ಕುಡಿಯಬಹುದು ಎಂದು ಈ ದೇಶದ ಅನಸ್ತೇಷಿಯಾ ತಜ್ಞರ ಸಂಘ 1999ರಿಂದಲೂ ಹೇಳುತ್ತಿದೆ. ಹಿಂದಿನ ರಾತ್ರಿಯಿಂದ ಏಕಾದಶಿ ಮಾಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯಿಂದ ಹೊಟ್ಟೆ ನಿಧಾನವಾದವರಿಗೆ, ಇನ್ನು ಕೆಲವರಿಗೆ ನಿಯಮ ಬೇರೆ ಇರುತ್ತದೆ, ಕೇಳಿ ತಿಳಿಯಿರಿ. ಆಪರೇಷನ್ ಸಮಯದಲ್ಲಿ ಡ್ರಿಪ್ ತೀರ ಕಡಿಮೆ ಕೊಟ್ಟರೂ ಕಷ್ಟವೇ. ಹೊಟ್ಟೆಯ ದೊಡ್ಡ ಆಪರೇಷನ್ ಆದ ಸುಮಾರು 3,000 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಗಿಹಿಡಿದು ಡ್ರಿಪ್ ಕೊಟ್ಟವರಲ್ಲಿ ನೂರಕ್ಕೆ 8.6, ಧಾರಾಳವಾಗಿ ಕೊಟ್ಟವರಲ್ಲಿ 5 ಮಂದಿಗೆ ಕಿಡ್ನಿಗೆ ಪೆಟ್ಟಾಯಿತು. ಹಾಗೆಂದು ಹೃದಯ ಸೋತವರಿಗೆ ಕೊಡಗಟ್ಟಲೆ ನೀರು ಕುಡಿಸಲೂ ಬಾರದು, ಅತಿಯಾದರೆ ಅಮೃತವೂ ವಿಷ.

ನಾಲ್ಕನೆಯದಾಗಿ, ಆಪರೇಷನ್ನಿಗೆ ಮೊದಲಿನ ಕ್ರಿಯಾಟಿನೈನ್ ಎಷ್ಟೆಂದು ಬರೆದಿಟ್ಟುಕೊಳ್ಳಿ. ಮೊದಲ ಅಂಕಿ ಗೊತ್ತಿಲ್ಲದಿದ್ದರೆ ಆಮೇಲಿನ ಅಂಕಿಗೆ ಅರ್ಥವಿಲ್ಲ. ರೋಗಿಯ ಪಕ್ಕದಲ್ಲಿ ಕೂರುವವರು ಯಾರಾದರೂ ಸರಿ, ಜಮಾ ಖರ್ಚಿನ ಒಂದು ಹಾಳೆ ಇಡಲಿ. ಊರಿಗೆ ಫೋನ್ ಮಾಡಿದಾಗ "ಊಟ ಮಾಡಿದರಾ? ನಿದ್ದೆ ಬಂತಾ?" ಎಂದು ಕೇಳುತ್ತೀರಲ್ಲ, ಅದರ ಜೊತೆಗೆ "ಮೂತ್ರ ಎಷ್ಟಾಯಿತು?" ಎಂದೂ ಕೇಳಿ. ಇದರಲ್ಲಿ ಸಂಕೋಚ ಬೇಡ. ಸಾವಿರಾರು ಮೈಲಿ ದೂರದಲ್ಲಿರುವ ನಮ್ಮಂಥವರು ಮುಟ್ಟಿ ನೋಡಲಾರೆವು, ರಾತ್ರಿ ಪಕ್ಕದಲ್ಲಿ ಕೂರಲಾರೆವು. ಕೇಳಬೇಕಾದ ಒಂದು ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳುವುದಾದರೂ ನಮ್ಮ ಕೈಯಲ್ಲಿದೆ.